ಲೈಮ್ ಕಾಯಿಲೆ ವಾಸಿಯಾಯ್ತು ಅಂದರು, ತಲೆ ಮತ್ತು ಮನಸ್ಸು ಮಾತ್ರ ಮೊದಲಿನಂತಿಲ್ಲ. ಬಳ್ಳಾರಿ ಕಡೆ ಯಾರಾದರೂ ಇದ್ದೀರಾ?

ಬ್ರೂಸ್‌ಪೇಟೆ ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಯಜಮಾನರು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. 2022ರ ಬೇಸಿಗೆಯಲ್ಲಿ ಗೆಳೆಯರ ಜೊತೆ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಸುತ್ತಾಡಿ ಬಂದರು. ಉಣುಗು ಕಚ್ಚಿದ್ದು ಗೊತ್ತೇ ಆಗಲಿಲ್ಲ. ಕೆಲವು ವಾರದ ಮೇಲೆ ಕುತ್ತಿಗೆ ಬಿಗಿತ, ರಾತ್ರಿ ಹೊತ್ತು ಬೆನ್ನಿಂದ ಪಕ್ಕೆಗೆ ಉರಿ ಉರಿ ನೋವು. ಒಂದು ದಿನ ಹಲ್ಲುಜ್ಜುವಾಗ ಬಾಯಿ ಮುಕ್ಕಳಿಸಿದರೆ ನೀರು ಒಂದು ಕಡೆಯಿಂದ ಸೋರಿತು. ಕನ್ನಡಿ ನೋಡಿದರೆ ಮುಖ ಸೊಟ್ಟ. ಅಲ್ಲಿನ ಆಸ್ಪತ್ರೆಯಲ್ಲಿ ರಕ್ತ, ಬೆನ್ನುಹುರಿ ನೀರು ಎರಡೂ ಪರೀಕ್ಷೆ ಮಾಡಿ ಲೈಮ್ ಅಂದರು, ನರಕ್ಕೆ ಹೋಗಿದೆ ಅಂದರು. ಮೂರು ವಾರ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟರು. ಮುಖ ಸರಿಹೋಯಿತು, ನೋವೂ ಹೋಯಿತು.

ಆದರೆ ಮಾತಿನ ಮಧ್ಯೆ ಪದ ಸಿಗುವುದಿಲ್ಲ. ಮೊನ್ನೆ ಕಿರಾಣಿ ಅಂಗಡಿಯಲ್ಲಿ ನಿಂತು "ಅದು ಕೊಡಿ, ಕೆಂಪಗೆ, ಗಟ್ಟಿ, ಸಿಹಿ ಇರುತ್ತಲ್ಲ" ಅಂದರಂತೆ. ಅಂಗಡಿಯವನು ನಗುತ್ತಾ ಮಿಠಾಯಿ ಡಬ್ಬಿ ತೋರಿಸಿದ. ಇವರಿಗೆ ಬೇಕಿದ್ದದ್ದು ಬೆಲ್ಲ. ಏನೂ ತಗೊಳ್ಳದೆ ಬಂದು ರೂಮಿನ ಬಾಗಿಲು ಹಾಕಿಕೊಂಡರು. ಓದಿದ ಪುಟವನ್ನೇ ಮತ್ತೆ ಓದುತ್ತಾರೆ. ರಾತ್ರಿ ಮೂರಕ್ಕೆ ಎಚ್ಚರ. ಏರುದನಿಯಲ್ಲಿ ಮಾತಾಡಿದವರೇ ಅಲ್ಲ, ಈಗ ಸಣ್ಣದಕ್ಕೂ ಸಿಟ್ಟು, ಅರ್ಧ ಗಂಟೆ ಆದಮೇಲೆ ಅಳು.

ಹೋದ ವರ್ಷ ಊರಿಗೆ ವಾಪಸ್ ಬಂದೆವು. ಕೆಳಗಡೆ ಮಾವನವರ ಜೀನ್ಸ್ ಹೊಲಿಯುವ ಯೂನಿಟ್ ಇದೆ. ಬಳ್ಳಾರಿಯವರಿಗೆ ಆ ಸದ್ದು ಹೇಳಬೇಕಿಲ್ಲ. ಓವರ್‌ಲಾಕ್ ಮಷಿನ್ ಶುರುವಾದರೆ ಮಹಡಿ ನೆಲ ಜುಮ್ ಅನ್ನುತ್ತದೆ. ಅದೇ ಸದ್ದಿನಲ್ಲಿ ಪಿಯುಸಿ ಓದಿ ಇಂಜಿನಿಯರಿಂಗ್ ಸೀಟು ತಗೊಂಡವರು ಈಗ ಕಿವಿ ಮುಚ್ಚಿಕೊಂಡು ಕೂರುತ್ತಾರೆ. "ಅಷ್ಟು ಜನರ ಹೊಟ್ಟೆಪಾಡು, ಮಷಿನ್ ನಿಲ್ಲಿಸಲೇನು?" ಅಂತ ಮಾವ. ಅವರದ್ದೂ ತಪ್ಪಲ್ಲ. ಅತ್ತೆ ತಟ್ಟೆ, ಲೋಟ ಬೇರೆ ಮಾಡಿದ್ದಾರೆ. ಕನಕದುರ್ಗಮ್ಮನಿಗೆ ಹರಕೆಯೂ ಆಯಿತು. ಇಲ್ಲಿನ ಡಾಕ್ಟರ್ ಒಬ್ಬರು "ಈ ಕಾಯಿಲೆ ನಮ್ಮಲ್ಲಿ ಇಲ್ಲ, ಟೆನ್ಷನ್ ಬಿಡಿ" ಅಂತ ಎರಡೇ ನಿಮಿಷದಲ್ಲಿ ಎಬ್ಬಿಸಿ ಕಳಿಸಿದರು. ಹೈದರಾಬಾದಿನ ನೆಂಟರೊಬ್ಬರು ಉಲ್ಟಾ. ರೋಗಾಣು ಇನ್ನೂ ಮಿದುಳಿನಲ್ಲಿ ಅಡಗಿದೆ, ಆರು ತಿಂಗಳು ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಹಾಕಿಸಿ, ನನಗೆ ಗೊತ್ತಿರುವವರು ಇದ್ದಾರೆ ಅಂತಾರೆ. ಲಕ್ಷಗಟ್ಟಲೆ ಖರ್ಚು.

ಡ್ರಿಪ್ ಹಾಕಿಸಬೇಕಾ? ಅದು ಬೇಡ ಅಂದರೆ ಇದರ ಜೊತೆ ಬಾಳುವುದು ಹೇಗೆ? ಅನುಭವ ಇದ್ದವರು ಹೇಳಿ.

ರಾಯಚೂರು ಸಿಸ್ಟರ್:

ಅಕ್ಕಾ, ತಟ್ಟೆಯ ವಿಷಯ ಮೊದಲು ಮುಗಿಸಿಬಿಡಿ. ಇದು ಉಣುಗು ಕಚ್ಚಿದರೆ ಬರುವುದು. ಮುಟ್ಟಿದರೆ, ಕೆಮ್ಮಿದರೆ, ಎಂಜಲು ತಿಂದರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಲ್ಲ. ನಿಮ್ಮ ಅತ್ತೆಯವರಿಗೆ ಇವತ್ತೇ ಹೇಳಿ. ಬೇಕಾದರೆ ನನ್ನ ಹೆಸರು ಹೇಳಿ, ಇಪ್ಪತ್ತು ವರ್ಷ ವಾರ್ಡಿನಲ್ಲಿ ಇದ್ದವಳು ಹೇಳಿದಳು ಅಂತ. ಮೊದಲೇ ಒಳಗೊಳಗೆ ಕುಗ್ಗಿದ ಮನುಷ್ಯನಿಗೆ ಬೇರೆ ತಟ್ಟೆ ಇಟ್ಟರೆ ಹೇಗಾಗಬೇಡ?

ಗಂಗಾವತಿ ರೈಸ್‌ಮಿಲ್:

ಮೇಡಂ, ನಿಮ್ಮ ಪೋಸ್ಟ್ ಓದಿ ಊಟ ಅರ್ಧಕ್ಕೆ ಬಿಟ್ಟು ಬರೆಯುತ್ತಿದ್ದೇನೆ. ನನಗೂ ಲೈಮ್ ಆಗಿತ್ತು. ಜರ್ಮನಿಯ ಫ್ರೈಬುರ್ಗ್‌ನಲ್ಲಿ ಎಂಎಸ್ ಮಾಡುವಾಗ. ಬ್ಲ್ಯಾಕ್ ಫಾರೆಸ್ಟ್ ಪಕ್ಕದಲ್ಲೇ ಇರುವ ಊರು ಅದು. ನನಗೆ ಮುಖ ಸೊಟ್ಟ ಆಗಲಿಲ್ಲ, ಆ ರಾತ್ರಿ ನೋವು ಮಾತ್ರ ಥೇಟ್ ನೀವು ಹೇಳಿದ ಹಾಗೆ. ಸ್ಲಿಪ್ ಡಿಸ್ಕ್ ಅಂದುಕೊಂಡು ಬೆನ್ನಿಗೆ ಮುಲಾಮು ಹಚ್ಚಿ ಕೂತಿದ್ದೆ. ನರದ ಬೇರು ಊದಿಕೊಂಡು ಬರುವ ಆ ನೋವಿಗೆ ಯುರೋಪಿನ ಡಾಕ್ಟರುಗಳು ಬನ್ವಾರ್ಟ್ ಸಿಂಡ್ರೋಮ್ ಅಂತಾರೆ.

ಔಷಧಿ ಮುಗಿದ ಮೇಲಿನ ಒಂದೂವರೆ ವರ್ಷ ಕಷ್ಟ ಇತ್ತು. ತಲೆ ಕೆಲಸ ಮಾಡುತ್ತದೆ, ಆದರೆ ನಿಧಾನ. ಯಾರಾದರೂ ಜೋಕ್ ಹೇಳಿದರೆ ಎಲ್ಲರೂ ನಕ್ಕು ಮುಗಿದ ಮೇಲೆ ನನಗೆ ಅರ್ಥ ಆಗುತ್ತಿತ್ತು. ಇಬ್ಬರು ಒಟ್ಟಿಗೆ ಮಾತಾಡಿದರೆ ಮುಗೀತು. ಊರಿಗೆ ಬಂದು ಅಪ್ಪನ ಮಿಲ್ಲಿನಲ್ಲಿ ಕೂತೆ. ಭತ್ತದ ಚೀಲ ಎಣಿಸುವಾಗ ಹಮಾಲರು ಏನಾದರೂ ಕೇಳಿದರೆ ಲೆಕ್ಕ ಹಾರಿಹೋಗುತ್ತಿತ್ತು. ಮತ್ತೆ ಒಂದರಿಂದ ಶುರು. ಅವರು ಮುಖ ಮುಖ ನೋಡಿಕೊಳ್ಳುವುದು ನನಗೆ ಕಾಣಿಸುತ್ತಿತ್ತು.

ನನಗೆ ಕೆಲಸಕ್ಕೆ ಬಂದದ್ದು ಹೇಳುತ್ತೇನೆ. ಲೆಕ್ಕದ ಕೆಲಸ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಾತ್ರ. ಆಮೇಲೆ ಬಿಸಿಲು ಏರುತ್ತದೆ, ತಲೆ ಕೈಕೊಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳುವುದಿಲ್ಲ. ಎಲ್ಲಾ ಬರೆದಿಡುವುದು, ಒಂದೇ ಪುಸ್ತಕದಲ್ಲಿ. ಮೂರು ಕಡೆ ಬರೆದರೆ ಎಲ್ಲಿ ಬರೆದೆ ಅಂತ ಹುಡುಕುವುದೇ ಇನ್ನೊಂದು ಕೆಲಸ. ಮುಖ್ಯವಾದದ್ದು ಇದು: ಚೆನ್ನಾಗಿದ್ದ ದಿನ ಬಾಕಿ ಕೆಲಸ ಎಲ್ಲಾ ಬಾಚಿ ಮಾಡಲು ಹೋಗಬಾರದು. ಹೋದರೆ ಮುಂದಿನ ಮೂರು ದಿನ ಹಾಸಿಗೆ. ಚೆನ್ನಾಗಿದ್ದಾಗಲೂ ಇನ್ನೂ ಸ್ವಲ್ಪ ಮಾಡಬಹುದು ಅನಿಸುವಾಗಲೇ ಏಳಬೇಕು.

ಇನ್ನೊಂದು ವಿಷಯ. ಬದುಕು ಸಾಕು ಅನ್ನುವ ಯೋಚನೆ ನನಗೆ ಬರುತ್ತಿತ್ತು. ಅಕ್ಕನಿಗೆ ಹೇಳಿದೆ. ಅವಳು ಗಾಬರಿ ಬೀಳದೆ, ಬೈಯದೆ, ಮಾರನೇ ದಿನವೇ ಸೈಕಿಯಾಟ್ರಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಖಿನ್ನತೆಗೆ ಮಾತ್ರೆ ತಗೊಂಡರೆ "ನೋಡಿ, ಎಲ್ಲಾ ಮನಸ್ಸಿನದ್ದೇ" ಅಂತ ಜನ ಅಂದಾರು ಅನ್ನುವ ಭಯ ಈ ಕಾಯಿಲೆಯವರಿಗೆಲ್ಲ ಇರುತ್ತದೆ. ಅನ್ನಲಿ ಬಿಡಿ. ನನಗೆ ಮೊದಲು ನಿದ್ದೆ ಬಂತು. ನಿದ್ದೆ ಬಂದ ಮೇಲೆ ನೆನಪೂ ಸುಧಾರಿಸಿತು. ನಿಮ್ಮ ಯಜಮಾನರನ್ನು ನೇರವಾಗಿ ಕೇಳಿ, ಅಂಥ ಯೋಚನೆ ಬರುತ್ತಾ ಅಂತ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ಸಂಡೂರು ಸೀನ:

ಬೈಯಬೇಡಿ, ಒಂದು ಮಾತು. ಈಗ ಯೂಟ್ಯೂಬ್ ನೋಡಿದರೆ ಸುಸ್ತು, ತಲೆನೋವು, ಮರೆವು ಎಲ್ಲಕ್ಕೂ ಲೈಮ್ ಅಂತಾರೆ. ನನ್ನ ಕಸಿನ್ ಅಮೆರಿಕಾ ಇರಲಿ, ಅರಸೀಕೆರೆ ದಾಟಿದವನಲ್ಲ. ಆನ್‌ಲೈನ್‌ನಲ್ಲಿ ಯಾವುದೋ ಲ್ಯಾಬಿಗೆ ದುಡ್ಡು ಕಟ್ಟಿ "ನನಗೆ ಲೈಮ್ ಇದೆ" ಅಂತ ಕೂತಿದ್ದಾನೆ. ಆರು ತಿಂಗಳ ಡ್ರಿಪ್ ಅಂದರೆ ನನಗೆ ಯಾಕೋ ಅನುಮಾನ.

ಬ್ರೂಸ್‌ಪೇಟೆ ಸೊಸೆ:

ಸೀನಣ್ಣ, ಇವರಿಗೆ ಬೆನ್ನುಹುರಿ ನೀರಿನಲ್ಲೇ ಬಂದಿದೆ. ರಿಪೋರ್ಟ್ ಇದೆ.

ಸಂಡೂರು ಸೀನ:

ನಿಮ್ಮವರ ಬಗ್ಗೆ ಅಲ್ಲ ತಾಯಿ, ಡ್ರಿಪ್ ಬಗ್ಗೆ ಹೇಳಿದೆ.

ಸಿರುಗುಪ್ಪ ನ್ಯೂರೋ:

ನಾನು ಸಿರುಗುಪ್ಪದವನು, ಬೇರೆ ಊರಿನಲ್ಲಿ ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ರೋಗಿಯನ್ನು ನೋಡದೆ ಬರೆಯುತ್ತಿದ್ದೇನೆ, ಅದು ನೆನಪಿರಲಿ.

ಸೀನ ಅವರ ಅನುಮಾನದಲ್ಲಿ ಅರ್ಥ ಇದೆ, ಮೇಡಂ ಅವರ ಕಷ್ಟವೂ ನಿಜ. ಬೊರೇಲಿಯಾ ಅನ್ನುವ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಅಮೆರಿಕಾದ ಕನೆಕ್ಟಿಕಟ್ ರಾಜ್ಯದ ಓಲ್ಡ್ ಲೈಮ್ ಊರಿನ ಸುತ್ತ 1975ರ ಹೊತ್ತಿಗೆ ಮಕ್ಕಳಿಗೆ ಗುಂಪು ಗುಂಪಾಗಿ ಕೀಲು ಊದಿದ್ದರಿಂದ ಆ ಹೆಸರು. ಉಣುಗಿನಲ್ಲಿ ಈ ಬ್ಯಾಕ್ಟೀರಿಯಾ ಕಂಡುಹಿಡಿದವರು ವಿಲ್ಲಿ ಬರ್ಗ್‌ಡಾರ್ಫರ್, 1982ರಲ್ಲಿ ಪ್ರಕಟವಾಯಿತು. ನರಕ್ಕೆ ಹೋದರೆ ಮುಖದ ನರ ಸೋಲುವುದು, ಮಿದುಳಿನ ಪೊರೆ ಊದುವುದು, ಗಂಗಾವತಿಯವರು ಹೇಳಿದ ಬೇರುನೋವು, ಇವು ಮುಖ್ಯ. ಇದಕ್ಕೆ ಎರಡು ಮೂರು ವಾರ ಡಾಕ್ಸಿಸೈಕ್ಲಿನ್, ಇಲ್ಲವೇ ಸೆಫ್ಟ್ರಿಯಾಕ್ಸೋನ್. ನಿಮ್ಮವರಿಗೆ ಸಿಕ್ಕ ಚಿಕಿತ್ಸೆ ಸರಿಯಾಗಿಯೇ ಇದೆ.

ಚಿಕಿತ್ಸೆ ಆದಮೇಲೂ ಸುಸ್ತು, ಮೈಕೈ ನೋವು, ಮಂಕು ಆರು ತಿಂಗಳಿಗಿಂತ ಜಾಸ್ತಿ ಉಳಿಯುವವರು ಅಮೆರಿಕಾದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಾರ ನೂರಕ್ಕೆ 5ರಿಂದ 10 ಜನ. ಯಾಕೆ ಉಳಿಯುತ್ತದೆ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಆದರೆ ಜಾಸ್ತಿ ದಿನ ಆಂಟಿಬಯೋಟಿಕ್ ಕೊಟ್ಟರೆ ಹೋಗುತ್ತಾ ಅಂತ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. 2001ರಲ್ಲಿ ಅಮೆರಿಕಾದಲ್ಲಿ ಒಂದು ತಿಂಗಳು ಡ್ರಿಪ್, ಎರಡು ತಿಂಗಳು ಮಾತ್ರೆ ಕೊಟ್ಟರು. ಔಷಧಿ ಇಲ್ಲದ ಸುಳ್ಳು ಡೋಸ್ ತಗೊಂಡವರಿಗಿಂತ ಏನೂ ಹೆಚ್ಚಿಗೆ ಲಾಭ ಆಗಲಿಲ್ಲ. 2008ರಲ್ಲಿ ನೆನಪಿನ ತೊಂದರೆ ಇದ್ದವರನ್ನೇ ಆರಿಸಿ 10 ವಾರ ಸೆಫ್ಟ್ರಿಯಾಕ್ಸೋನ್ ಡ್ರಿಪ್ ಹಾಕಿದರು. 12ನೇ ವಾರಕ್ಕೆ ಸ್ವಲ್ಪ ಸುಧಾರಣೆ ಕಂಡಿತು, 24ನೇ ವಾರಕ್ಕೆ ಆ ವ್ಯತ್ಯಾಸ ಉಳಿಯಲಿಲ್ಲ. 2016ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲೂ 12 ವಾರದ ಔಷಧಿ ಕೊಟ್ಟು ನೋಡಿದರು, ಅಲ್ಲೂ ಹೆಚ್ಚಿಗೆ ಲಾಭ ಕಾಣಲಿಲ್ಲ. ಬದಲಿಗೆ ಡ್ರಿಪ್ ಲೈನಿನಿಂದ ರಕ್ತಕ್ಕೆ ಸೋಂಕು, ಪಿತ್ತಕೋಶದಲ್ಲಿ ಕಲ್ಲು, ನಿಲ್ಲದ ಭೇದಿ, ಇವೆಲ್ಲ ಆಗುತ್ತವೆ. ಲಕ್ಷ ಹೋದರೆ ದುಡಿಯಬಹುದು, ಆರೋಗ್ಯ ಹೋದರೆ ಕಷ್ಟ. ಈ ಕಾರಣಕ್ಕೆ ಡ್ರಿಪ್ ಬೇಡ ಅಂತ ನಾನಂತೂ ಹೇಳುತ್ತೇನೆ.

ರಕ್ತ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಡಿ. ಸೋಂಕಿನ ವಿರುದ್ಧ ಹೋರಾಡಲು ದೇಹ ತಯಾರಿಸುವ ಐಜಿಜಿ ಪ್ರತಿಕಾಯ ಒಮ್ಮೆ ಬಂದರೆ ವರ್ಷಗಟ್ಟಲೆ ರಕ್ತದಲ್ಲಿ ಇರುತ್ತದೆ. ಪಾಸಿಟಿವ್ ಅಂದ ತಕ್ಷಣ ರೋಗಾಣು ಜೀವಂತ ಇದೆ ಅಂತಲ್ಲ. ಹೈದರಾಬಾದಿನ ನೆಂಟರು ಅದನ್ನೇ ತೋರಿಸಿ ಹೆದರಿಸುತ್ತಾರೆ, ನೋಡಿ.

ಮಾಡಿಸಬೇಕಾದದ್ದು ಬೇರೆ ಇದೆ. ವಿಟಮಿನ್ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ. ಮಾಂಸ ತಿನ್ನದ ಮನೆ ಆದರೆ ಬಿ12 ಮೊದಲು. ಅದು ಕಮ್ಮಿಯಾದರೂ ಇದೇ ಮರೆವು, ಇದೇ ಸಿಟ್ಟು, ಇದೇ ಬೇಸರ. ಗೊರಕೆ ಜೋರಾಗಿದ್ದರೆ, ಮಧ್ಯೆ ಉಸಿರು ನಿಂತಂತಾದರೆ ನಿದ್ದೆಯ ಪರೀಕ್ಷೆ. ಲೈಮ್ ಆಗಿದೆ ಅಂದ ಮಾತ್ರಕ್ಕೆ ಎಲ್ಲಾ ಅದರ ತಲೆಗೇ ಕಟ್ಟಬಾರದು.

ಮನಸ್ಸಿನ ಭಾಗದ ಬಗ್ಗೆ 2021ರಲ್ಲಿ ಡೆನ್ಮಾರ್ಕ್‌ನಿಂದ ಎರಡು ಅಧ್ಯಯನ ಬಂದವು. ಸುಮಾರು 70 ಲಕ್ಷ ಜನರ ದಾಖಲೆ ನೋಡಿದ ಒಂದರಲ್ಲಿ, ಆಸ್ಪತ್ರೆಯಲ್ಲಿ ಲೈಮ್ ಎಂದು ದಾಖಲಾದವರಿಗೆ ಮಾನಸಿಕ ತೊಂದರೆ ಬರುವ ಪ್ರಮಾಣ 28% ಜಾಸ್ತಿ, ಆತ್ಮಹತ್ಯೆ ಪ್ರಯತ್ನ ಎರಡು ಪಟ್ಟು ಕಂಡಿತು. ಇನ್ನೊಂದು, ನರಕ್ಕೆ ಹೋದ ಲೈಮ್ ರೋಗಿಗಳದ್ದು. ಅದರಲ್ಲಿ ಮಾನಸಿಕ ಕಾಯಿಲೆ ಅಂತ ಆಸ್ಪತ್ರೆ ಸೇರಿದವರು ಜಾಸ್ತಿ ಕಾಣಲಿಲ್ಲ, ಆದರೆ ಮೊದಲ ವರ್ಷ ಆತಂಕ, ನಿದ್ದೆ, ಖಿನ್ನತೆಯ ಮಾತ್ರೆ ತಗೊಂಡವರು ಜಾಸ್ತಿ ಇದ್ದರು. ಬಹುಪಾಲು ರೋಗಿಗಳಿಗೆ ಅಂಥದ್ದೇನೂ ಆಗುವುದಿಲ್ಲ, ಹೆದರಬೇಡಿ. ಆದರೆ ಸಿಟ್ಟು, ಅಳು, ನಿದ್ದೆಗೇಡು ಇದ್ದಾಗ "ಲೈಮ್ ಹೋದರೆ ಅದೂ ಹೋಗುತ್ತದೆ" ಅಂತ ಕಾಯಬೇಡಿ. ಅದಕ್ಕೆ ಅದರದ್ದೇ ಚಿಕಿತ್ಸೆ ಇದೆ, ಕೆಲಸವೂ ಮಾಡುತ್ತದೆ.

ಕುಷ್ಟಗಿ ಕುರಿಗಾರ:

ಡಾಕ್ಟ್ರೇ, ಒಂದು ಪ್ರಶ್ನೆ. ನಮ್ಮದು ಕುರಿ ಸಾಕಣೆ. ದಿನಾ ಉಣ್ಣಿ ಕಿತ್ತು ಕಿತ್ತು ಬೆರಳೆಲ್ಲ ಕೆಂಪು. ನನ್ನ ತಮ್ಮನಿಗೆ ಮೂರು ತಿಂಗಳಿಂದ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ ನೋವು, ಯಾರ ಜೊತೆಯೂ ಮಾತಿಲ್ಲ. ಸುಮ್ನೆ ಗೋಡೆ ನೋಡುತ್ತಾ ಕೂರುತ್ತಾನೆ. ಇದೂ ಲೈಮ್ ಇರಬಹುದಾ? ಇದನ್ನೆಲ್ಲ ಓದಿ ಹೆದರಿಕೆ ಆಯಿತು.

ಸಿರುಗುಪ್ಪ ನ್ಯೂರೋ:

ಅಣ್ಣಾ, ಲೈಮ್ ಹರಡುವ ಉಣ್ಣಿಯ ಜಾತಿಯೇ ಬೇರೆ. ಐಕ್ಸೋಡಿಸ್ ಅಂತ. ಅದಕ್ಕೆ ತಂಪು, ತೇವ, ದಟ್ಟ ಕಾಡು ಬೇಕು. ಮರಿ ಹುಳ ಗಸಗಸೆ ಕಾಳಿನಷ್ಟೇ ಇರುತ್ತದೆ, ಅದಕ್ಕೇ ಜನರಿಗೆ ಕಚ್ಚಿದ್ದು ಗೊತ್ತಾಗುವುದಿಲ್ಲ. ಭಾರತದಲ್ಲಿ ಲೈಮ್ ವರದಿಗಳು ಕಮ್ಮಿ, ಬಂದದ್ದೂ ಹೆಚ್ಚಾಗಿ ಕಾಡಿನ ಸೀಮೆಯಿಂದ. ಕುಷ್ಟಗಿಯ ಬಿಸಿಲಿನಲ್ಲಿ ಕುರಿ ಮೈಮೇಲೆ ಸಿಗುವುದು ಬೇರೆ ಜಾತಿಯವು.

ಆದರೆ ನಿಮ್ಮ ತಮ್ಮನ ವಿಷಯ ಬಿಡಬೇಡಿ. ಕುರಿ, ಮೇಕೆ ಇರುವ ಮನೆ, ಬಿಟ್ಟು ಬಿಟ್ಟು ಜ್ವರ, ಬೆವರು, ಸೊಂಟ ನೋವು, ಮಂಕು. ನನಗೆ ಮೊದಲು ನೆನಪಾಗುವುದು ಬ್ರುಸೆಲ್ಲಾ, ಕುರಿ ಮೇಕೆಗಳಿಂದ ಮನುಷ್ಯರಿಗೆ ಬರುವ ಸೋಂಕು. ಕುರಿ ಕಂದು ಹಾಕಿದಾಗ ಬರಿಗೈಯಲ್ಲಿ ಎತ್ತಿದರೆ, ಕಾಯಿಸದ ಹಾಲು ಕುಡಿದರೆ ಬರುತ್ತದೆ. ಅದೂ ನರಕ್ಕೆ, ಮನಸ್ಸಿಗೆ ಹೋಗುತ್ತದೆ. ಟಿಬಿಯನ್ನೂ ನೋಡಲೇಬೇಕು. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕುರಿ ಇವೆ ಅಂತ ನೀವಾಗಿಯೇ ಡಾಕ್ಟರಿಗೆ ಹೇಳಿ. ಎಷ್ಟೋ ಸಲ ಅವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ.

ರಾಯಚೂರು ಸಿಸ್ಟರ್:

ಹಾಗೇ ಇನ್ನೊಂದು. ಮೈಗೆ ಕಚ್ಚಿದ ಉಣ್ಣಿಗೆ ಸೀಮೆಎಣ್ಣೆ ಸುರಿಯುವುದು, ಬೀಡಿ ಬೆಂಕಿ ತಾಗಿಸುವುದು ಮಾಡಬೇಡಿ. ಸಣ್ಣ ಚಿಮುಟ ತಗೊಂಡು ಚರ್ಮಕ್ಕೆ ಹತ್ತಿರ ಹಿಡಿದು, ತಿರುಚದೆ, ನೇರ ಎಳೆಯಿರಿ. ಆಮೇಲೆ ಸೋಪು ಹಾಕಿ ತೊಳೆಯಿರಿ. ಕುರಿಯ ಉಣ್ಣಿಯನ್ನು ಉಗುರಿನಲ್ಲಿ ಕುಕ್ಕಿ ಒಡೆಯುವುದೂ ಬೇಡ. ಕೈಗವಸು ಇರಲಿ.

ಕುಷ್ಟಗಿ ಕುರಿಗಾರ:

ಆಯ್ತು ಅಕ್ಕಾರೆ. ಜ್ವರ ಶುರುವಾಗುವ ಮೊದಲು ಎರಡು ಕುರಿ ಕಂದು ಹಾಕಿದ್ದವು, ತಮ್ಮನೇ ಎತ್ತಿದ್ದು. ಸೋಮವಾರ ಕೊಪ್ಪಳಕ್ಕೆ ಕರೆದುಕೊಂಡು ಹೋಗುತ್ತೇನೆ.

ನಿವೃತ್ತ ಆರೋಗ್ಯ ಸಹಾಯಕ, ಕುರುಗೋಡು:

ಸೈಕಿಯಾಟ್ರಿಸ್ಟ್ ಅಂದರೆ ನಮ್ಮವರು ಈಗಲೂ ಧಾರವಾಡದ ಹುಚ್ಚಾಸ್ಪತ್ರೆ ಅಂತ ಮೂಗು ಮುರಿಯುತ್ತಾರಲ್ಲ, ಅದಕ್ಕೆ ಈ ಹಳೆಯ ಸಂಗತಿ. 1985ರಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಔಷಧಿ ಕೊಡುವ ಪ್ರಯೋಗಕ್ಕೆ ಆರಿಸಿಕೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯನ್ನು. ಹಳ್ಳಿ ಡಾಕ್ಟರುಗಳಿಗೆ, ನಮ್ಮಂಥ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ದೇಶದ ಪುಸ್ತಕಗಳಲ್ಲಿ ಇದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದರ ಮೇಲೇ ನಿಂತದ್ದು. ಇಡೀ ದೇಶಕ್ಕೆ ದಾರಿ ತೋರಿಸಿದ ಊರಿನಲ್ಲಿ ನಾವು ಬಾಗಿಲು ಹಾಕಿಕೊಂಡು ಅಳುವುದು ಎಂಥದ್ದು ಹೇಳಿ? ಈಗ ಮನೋಚೈತನ್ಯ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಧ್ಯಾಹ್ನ ಹೋದರೆ ಸಿಗದೇ ಇರಬಹುದು, ಬೆಳಿಗ್ಗೆ ಹೋಗಿ.

ಮಾನ್ವಿ ಟೀಚರ್:

ನನಗೆ ಲೈಮ್ ಅಲ್ಲ, ಚಿಕೂನ್‌ಗುನ್ಯಾ. ಆದರೆ ಆಮೇಲಿನ ಮಂಕು ಓದುತ್ತಿದ್ದರೆ ನನ್ನದೇ ಕಥೆ. ಹಾಜರಿ ಕೂಗುವಾಗ ಮಕ್ಕಳ ಹೆಸರು ನಾಲಿಗೆ ತುದಿಯಲ್ಲಿ ನಿಂತುಬಿಡುತ್ತಿತ್ತು. ಸೊಸೆಯಮ್ಮ, ಒಂದು ಚಿಕ್ಕ ಮಾತು. ಅವರಿಗೆ ಪದ ಸಿಗದಿದ್ದಾಗ ನೀವು ಬಾಯಿ ಹಾಕಿ ತುಂಬಬೇಡಿ. ಸ್ವಲ್ಪ ಕಾಯಿರಿ. ಅವರು ನಿಮ್ಮ ಮುಖ ನೋಡಿದರೆ ಆಗ ಹೇಳಿ. ನಮ್ಮ ಮನೆಯವರು ಪ್ರೀತಿಯಿಂದಲೇ ಪ್ರತಿ ಮಾತನ್ನೂ ಮುಗಿಸಿಕೊಡುತ್ತಿದ್ದರು, ಕೊನೆಗೆ ನಾನು ಮಾತಾಡುವುದನ್ನೇ ಬಿಟ್ಟಿದ್ದೆ.

ಬ್ರೂಸ್‌ಪೇಟೆ ಅಳಿಯ ಅಲ್ಲ, ಮಗ:

ನಾನೇ ಆ ಯಜಮಾನ. ಬೆಲ್ಲದ ಕಥೆ ಊರಿಗೆಲ್ಲ ಗೊತ್ತಾಯಿತು, ಸಂತೋಷ.

ಟೀಚರ್ ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅನ್ನಬೇಡಿ. ಮುಖ ಸೊಟ್ಟ ಇದ್ದಾಗ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ಕುರ್ಚಿ ಕೊಡುತ್ತಿದ್ದರು. ಮುಖ ಸರಿಯಾದ ದಿನದಿಂದ ನಾನು ಸೋಮಾರಿ. ಸಿಟ್ಟಿನ ಬಗ್ಗೆ ಹೇಳಬೇಕು ಅಂದರೆ, ಅದು ಬರುವುದು ನನಗೆ ಗೊತ್ತಾಗುತ್ತದೆ. ಸದ್ದು, ಬೆಳಕು, ಪ್ರಶ್ನೆ ಮೂರೂ ಒಟ್ಟಿಗೆ ಬಂದಾಗ. ಆಗ ಎದ್ದು ಮೇಲೆ ಹೋಗಲು ಬಿಟ್ಟರೆ ಸಾಕು, ಹಿಂದೆ ಬಂದು "ಏನಾಯ್ತು, ಏನಾಯ್ತು" ಅಂತ ಕೇಳದಿದ್ದರೆ ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಗಂಗಾವತಿ ಸರ್ ಕೇಳಲು ಹೇಳಿದ ಪ್ರಶ್ನೆಯನ್ನು ಇವಳು ನಿನ್ನೆ ರಾತ್ರಿ ಕೇಳಿದಳು. ಉತ್ತರ ಇವಳಿಗೆ ಹೇಳಿದ್ದೇನೆ. ಮಂಗಳವಾರ ಹೋಗುತ್ತಿದ್ದೇವೆ.

ಗಂಗಾವತಿ ರೈಸ್‌ಮಿಲ್:

ಸರ್, ನಿಮಗೆ ಖಾಸಗಿಯಾಗಿ ನನ್ನ ನಂಬರ್ ಕಳಿಸಿದ್ದೇನೆ. ರಾತ್ರಿ ಮೂರಕ್ಕೆ ಎಚ್ಚರ ಆದರೂ ಮಾಡಿ. ಜರ್ಮನಿ ಅಭ್ಯಾಸ, ಫೋನ್ ಸೈಲೆಂಟ್ ಮಾಡುವುದಿಲ್ಲ.

ಬ್ರೂಸ್‌ಪೇಟೆ ಸೊಸೆ:

ಎಲ್ಲರಿಗೂ ಅಪ್‌ಡೇಟ್. ಮನೋವೈದ್ಯರು ಮುಕ್ಕಾಲು ಗಂಟೆ ಕೂರಿಸಿಕೊಂಡು ಕೇಳಿದರು. ಅಮೆರಿಕಾದ ರಿಪೋರ್ಟ್ ಪುಟ ಪುಟ ಓದಿದರು. ಲೈಮ್ ರೋಗಿಯನ್ನು ಹಿಂದೆ ನೋಡಿಲ್ಲ ಅಂತ ನೇರವಾಗಿ ಹೇಳಿದರು, ನನಗೆ ಅದೇ ಇಷ್ಟ ಆಯಿತು. ಖಿನ್ನತೆ, ಆತಂಕ ಎರಡೂ ಇದೆ ಅಂದರು. ಮಾತ್ರೆ ಶುರುವಾಗಿದೆ, ಕೆಲಸ ಮಾಡಲು ಕೆಲವು ವಾರ ಬೇಕಂತೆ. ಬಿ12 ತುಂಬಾ ಕಮ್ಮಿ ಬಂದಿದೆ, ಇಂಜೆಕ್ಷನ್ ನಡೆಯುತ್ತಿದೆ. ಡ್ರಿಪ್ ಬೇಡ ಅಂತ ಹೈದರಾಬಾದಿಗೆ ಹೇಳಿದೆವು, ನೆಂಟರು ಮುನಿಸಿಕೊಂಡಿದ್ದಾರೆ. ಅತ್ತೆಗೆ ಸಿಸ್ಟರ್ ಬರೆದದ್ದನ್ನು ಓದಿ ತೋರಿಸಿದೆ. ತಟ್ಟೆ ಒಂದಾಗಿದೆ, ಲೋಟ ಇನ್ನೂ ಬೇರೆ. ಅದನ್ನೂ ನೋಡೋಣ.

ಮಷಿನ್ ವಿಷಯಕ್ಕೆ ಮಾವನೇ ದಾರಿ ಹುಡುಕಿದರು. ಓವರ್‌ಲಾಕ್‌ಗಳನ್ನು ರಸ್ತೆ ಕಡೆಯ ಗೋಡೆಗೆ ಸರಿಸಿ, ಕಾಲಿನ ಕೆಳಗೆ ದಪ್ಪ ರಬ್ಬರ್ ಹಾಕಿಸಿದ್ದಾರೆ. ಇವರ ಮಂಚ ಹಿಂದಿನ ರೂಮಿಗೆ ಹೋಯಿತು. ಸದ್ದು ಪೂರ್ತಿ ಹೋಗಿಲ್ಲ, ನಡುಕ ಹೋಗಿದೆ.

ಒಂದು ಪ್ರಶ್ನೆ ಉಳಿದಿದೆ. ಇನ್ಶೂರೆನ್ಸ್‌ನವರು ಮಾನಸಿಕ ಕಾಯಿಲೆ ಅಂತ ಬರೆದರೆ ಕ್ಲೇಮ್ ಕೊಡುವುದಿಲ್ಲ ಅಂತ ಯಾರೋ ಹೇಳಿದರು. ನಿಜವಾ?

ನಿವೃತ್ತ ಆರೋಗ್ಯ ಸಹಾಯಕ, ಕುರುಗೋಡು:

ಹಾಗೇನಿಲ್ಲಮ್ಮ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಮಿನಲ್ಲಿದೆ, ದೇಹದ ಕಾಯಿಲೆಗೆ ಹೇಗೆ ವಿಮೆ ಕೊಡುತ್ತಾರೋ ಮಾನಸಿಕ ಕಾಯಿಲೆಗೂ ಹಾಗೇ ಕೊಡಬೇಕು. ಆದರೆ ಹೊರರೋಗಿಯಾಗಿ ತೋರಿಸಿದ್ದಕ್ಕೆ ಎಷ್ಟೋ ಪಾಲಿಸಿಯಲ್ಲಿ ದುಡ್ಡು ಬರುವುದಿಲ್ಲ, ಅದು ಎಲ್ಲಾ ಕಾಯಿಲೆಗೂ ಅಷ್ಟೇ. ಅವರು ಬಾಯಲ್ಲಿ ಇಲ್ಲ ಅಂದರೆ ಒಪ್ಪಬೇಡಿ, ಬರೆದು ಕೊಡಿ ಅನ್ನಿ. ಚೀಟಿ, ಬಿಲ್ಲು ಎಲ್ಲಾ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.

ಸಂಡೂರು ಸೀನ:

ನನ್ನ ಕಸಿನ್‌ಗೂ ಬಿ12 ಮಾಡಿಸಲು ಹೇಳಿದ್ದೇನೆ. ಆ ಲ್ಯಾಬಿನವರು ಇನ್ನೊಂದು ಪ್ಯಾಕೇಜ್ ತಗೊಳ್ಳಿ ಅಂತ ದಿನಾ ಫೋನ್ ಮಾಡುತ್ತಿದ್ದಾರಂತೆ. ನಂಬರ್ ಬ್ಲಾಕ್ ಮಾಡಿಸಿದೆ.